ಸಭೆಯಲ್ಲಿ ಎದ್ದು ಮಾತಾಡುವ ವಿಷಯ

ಮನೆಯ ಜಗಲಿಯ ಮೇಲೆ ಕೂತು ಸರಾಗವಾಗಿ ಮಾತಾಡುವ ಮನುಷ್ಯನು ಸಭೆಯಲ್ಲಿ ಎದ್ದು ನಿಂತ ಕೂಡಲೇ ಮೂಕನಂತಾಗುವದನ್ನು ನೀವೆಲ್ಲರೂ ಕಂಡಿರಬಹುದು. ಬಿತ್ತನೆಯ ಸಂಗತಿಯನ್ನಾಗಲಿ, ಎತ್ತಿನ ಬೆಲೆಯನ್ನಾಗಲಿ, ನೆರೆಯವನ ತಂಟೆಯನ್ನಾಗಲಿ ಅವನು ಎಷ್ಟು ಹೊತ್ತಾದರೂ ವಿವರಿಸಬಲ್ಲನು. ಆದರೆ "ಇನ್ನು ನೀವು ಎರಡು ಮಾತು ಹೇಳಿರಿ" ಎಂದು ಯಾರಾದರೂ ಅಂದರೆ ಅವನ ಎದೆ ಡವಗುಟ್ಟುವದು, ಬಾಯಿ ಒಣಗುವದು, ಮೊಣಕಾಲು ನಡುಗುವದು, ಮನೆಯಿಂದ ಯೋಚಿಸಿಕೊಂಡು ಬಂದದ್ದೆಲ್ಲಾ ಎಲ್ಲಿಯೋ ಹಾರಿಹೋಗುವದು. ಇದಕ್ಕೆ ನಮ್ಮ ಹಿರಿಯರು ಸಭಾಕಂಪವೆಂದು ಹೆಸರಿಟ್ಟಿದ್ದಾರೆ. ಇದಕ್ಕೊಂದು ಹೆಸರು ಬೇಕಾಯಿತೆಂಬದರಿಂದಲೇ ಈ ಬೇನೆಯು ಒಬ್ಬಿಬ್ಬರದಲ್ಲವೆಂದು ತಿಳಿಯಬಹುದು. ಮೋಶೆಯು ತನಗೆ ಮಾತು ಸಲ್ಲದೆಂದು ಹಿಂಜರಿದು, ಕಡೆಗೆ ಅಣ್ಣನಾದ ಆರೋನನನ್ನು ಜೊತೆಗೆ ಕರಕೊಂಡು ಹೋದ ಸಂಗತಿ ನಮ್ಮ ವಾಚಕರಿಗೆ ಹೊಸದೇನೂ ಅಲ್ಲ.

ಮಾತಾಡದೆ ಇದ್ದರೆ ಆಗುವ ನಷ್ಟವೇನು ಎಂದು ಕೆಲವರು ಕೇಳುವರು. ಮೌನವು ಒಳ್ಳೇದೇ, ಆದರೆ ಎಲ್ಲಾ ಕಡೆಯಲ್ಲಿಯೂ ಅಲ್ಲ. ಕರ್ನಾಟಕದ 1993ರ ಪಂಚಾಯತ ರಾಜ ಕಾಯಿದೆಯ ಪ್ರಕಾರ ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಗ್ರಾಮಸಭೆಗೆ ಸೇರಿದವರಾಗಿದ್ದಾರೆ. ಆ ಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದು. ಅಲ್ಲಿ ಒಬ್ಬ ಕೂಲಿಯಾಳಿಗೂ ಒಬ್ಬ ಜಮೀನುದಾರನಿಗೂ ಮಾತಾಡುವ ಹಕ್ಕು ಒಂದೇ. ಆದರೆ ಹಕ್ಕು ಒಂದೇ ಆದರೂ ಬಾಯಿ ಒಂದೇ ಅಲ್ಲ. ಪ್ರತಿ ಸಭೆಯಲ್ಲಿಯೂ ಅದೇ ನಾಲ್ಕೈದು ಮಂದಿ ಎದ್ದು ಮಾತಾಡುವರು, ಅವರ ಕೇರಿಯ ಚರಂಡಿಯೂ ಅವರ ಕೇರಿಯ ದೀಪವೂ ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡುವವು. ಹಿಂದೆ ನೆಲದ ಮೇಲೆ ಕೂತವರ ಸಂಗತಿಯಾದರೋ ಅವರೊಂದಿಗೇ ಎದ್ದು ಮನೆಗೆ ಹೋಗುವದು. ತರುವಾಯ ದಾರಿಯಲ್ಲಿ ಅವರು ಒಬ್ಬರಿಗೊಬ್ಬರು ಆಡಿಕೊಳ್ಳುವ ಮಾತು ಎಷ್ಟು ಚೆನ್ನಾಗಿರುತ್ತದೆಂದು ನಾವು ಅನೇಕ ಸಾರಿ ಕೇಳಿ ಮರುಗಿದ್ದೇವೆ.

ಮೊದಲು ಈ ಭಯವೆಂಬದು ಏನೆಂದು ನೋಡುವ. ಮನುಷ್ಯನ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಚಿಕ್ಕ ಗ್ರಂಥಿಗಳುಂಟು. ಅಪಾಯ ಎದುರಾದಾಗ ಅವುಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತದೊಳಗೆ ಇಳಿಯುತ್ತದೆ. ಆಗ ಹೃದಯವು ಬೇಗ ಬೇಗ ಬಡಿಯುವದು, ಉಸಿರು ಹೆಚ್ಚುವದು, ಕೈಕಾಲುಗಳು ಓಡುವದಕ್ಕೋ ಹೊಡೆದಾಡುವದಕ್ಕೋ ಸಿದ್ಧವಾಗುವವು. ಹಾವು ಕಂಡರೆ ಇದು ನಮ್ಮನ್ನು ಉಳಿಸುತ್ತದೆ. ಆದರೆ ದೇಹಕ್ಕೆ ಹಾವು ಯಾವದು, ಸಭೆ ಯಾವದು ಎಂಬ ಭೇದ ತಿಳಿಯದು. ನೂರು ಕಣ್ಣುಗಳು ತನ್ನ ಮೇಲೆ ಬಿದ್ದರೆ ಅದನ್ನೂ ಅಪಾಯವೆಂದೇ ಎಣಿಸುವದು. ಆದಕಾರಣ ನಡುಗುವವನು ಹೇಡಿಯಲ್ಲ, ಸುಳ್ಳನೂ ಅಲ್ಲ. ಮಾತು ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಈ ಹೊಯ್ದಾಟವು ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮೊದಲಿನ ಒಂದೆರಡು ನಿಮಿಷಗಳನ್ನು ದಾಟುವದೇ ಕಷ್ಟ.

ಇದನ್ನು ದಾಟಿದವರೊಬ್ಬರ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಮಹಾಸಭೆ ಕೂಡಿದಾಗ ಅಧ್ಯಕ್ಷಪೀಠದಲ್ಲಿ ಕೂತಿದ್ದ ಮೋಹನದಾಸ ಗಾಂಧಿಯವರು ಒಂದು ಕಾಲದಲ್ಲಿ ಹತ್ತು ಜನರ ಮುಂದೆ ಒಂದು ಕಾಗದವನ್ನು ಓದಲಾರದವರಾಗಿದ್ದರೆಂದರೆ ಯಾರು ನಂಬುವರು? ಆದರೆ 1925ರಿಂದ ವಾರವಾರವೂ ಬರೆದು ಪ್ರಕಟಿಸಿದ ಆತ್ಮಕಥೆಯಲ್ಲಿ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅವರು 1888ರಲ್ಲಿ ನ್ಯಾಯಶಾಸ್ತ್ರ ಕಲಿಯಲಿಕ್ಕೆ ಲಂಡನ್ನಿಗೆ ಹೋದರು. ಅಲ್ಲಿನ ಶಾಕಾಹಾರಿಗಳ ಸಂಘದ ಕಾರ್ಯಸಮಿತಿಗೆ ಅವರನ್ನು ಆರಿಸಿದ್ದರು. ಆದರೆ ಸಮಿತಿಯಲ್ಲಿ ಅವರ ನಾಲಿಗೆ ಏಳುತ್ತಿರಲಿಲ್ಲ. ಒಮ್ಮೆ ಒಬ್ಬ ವೈದ್ಯನನ್ನು ಅವನ ಅಭಿಪ್ರಾಯಗಳಿಗೋಸ್ಕರ ಸಂಘದಿಂದ ತೆಗೆದುಹಾಕಬೇಕೆಂಬ ಚರ್ಚೆ ಬಂತು. ಆ ವೈದ್ಯನ ಅಭಿಪ್ರಾಯವು ಗಾಂಧಿಯವರಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ಅದರ ನಿಮಿತ್ತ ಅವನನ್ನು ಹೊರಗೆ ಹಾಕುವದು ನ್ಯಾಯವಲ್ಲವೆಂದು ಅವರಿಗೆ ತೋಚಿತು. ಸುಮ್ಮನಿರಲಾರದೆ ತಮ್ಮ ಮಾತನ್ನು ಬರೆದು ತಂದರು. ಓದುವದಕ್ಕೂ ಧೈರ್ಯ ಸಾಲಲಿಲ್ಲ. ಅಧ್ಯಕ್ಷರು ಅದನ್ನು ಬೇರೊಬ್ಬರಿಂದ ಓದಿಸಿದರು. ವೈದ್ಯನ ಪಕ್ಷವು ಸೋತಿತು. ಹೀಗಿದ್ದರೂ ಸೋಲುವ ಪಕ್ಷದಲ್ಲಿ, ಅದೂ ಮಾತು ಬಾರದವನಾಗಿ, ತನ್ನ ಮನಸ್ಸಿನದನ್ನು ಕಾಗದದಲ್ಲಾದರೂ ಮುಂದಿಟ್ಟನಲ್ಲಾ ಎಂಬದು ನಮಗೆ ಬಹು ದೊಡ್ಡದಾಗಿ ಕಾಣುತ್ತದೆ.

ಲಂಡನ್ನಿನಿಂದ ಹೊರಡುವ ಮುಂಚೆ ಸ್ನೇಹಿತರಿಗೆ ಊಟ ಹಾಕಿಸಿ ಒಂದು ಭಾಷಣ ಮಾಡಬೇಕೆಂದಿದ್ದರು. ಆಂಗ್ಲ ಲೇಖಕನಾದ ಅಡಿಸನ್ನನು ಪಾರ್ಲಿಮೆಂಟಿನಲ್ಲಿ ಮಾತು ಹೊರಡದೆ ನಿಂತುಬಿಟ್ಟ ಕಥೆಯಿಂದ ಆರಂಭಿಸಿ ಎಲ್ಲರನ್ನೂ ನಗಿಸಬೇಕೆಂಬದು ಯೋಚನೆ. ಆದರೆ ಎದ್ದು ನಿಂತಾಗ ಆ ಅಡಿಸನ್ನನಿಗೆ ಆದದ್ದೇ ಇವರಿಗೂ ಆಯಿತು. ಬಂದದ್ದಕ್ಕೆ ಉಪಕಾರವೆಂದು ಹೇಳಿ ಕೂತುಬಿಟ್ಟರು. ಊರಿಗೆ ಬಂದ ಬಳಿಕ ಮುಂಬಯಿಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಮೂವತ್ತು ರೂಪಾಯಿ ಫೀಜು ತಕ್ಕೊಂಡು ಪ್ರತಿವಾದಿಯಾದ ಒಬ್ಬ ಹೆಂಗಸಿನ ಪರವಾಗಿ ನಿಂತರು. ಸಾಕ್ಷಿಯನ್ನು ಪ್ರಶ್ನಿಸಲಿಕ್ಕೆ ಎದ್ದಾಗ ತಲೆ ತಿರುಗಿತು, ಕೋರ್ಟೇ ತಿರುಗಿದ ಹಾಗಾಯಿತು. ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಬೇರೆ ವಕೀಲರನ್ನು ಇಟ್ಟುಕೊಳ್ಳಿರೆಂದು ಹೇಳಿ ಫೀಜನ್ನು ಹಿಂದಕ್ಕೆ ಕೊಟ್ಟು ಹೊರಟುಹೋದರು. ಆ ಬೇರೆ ವಕೀಲರಿಗೆ ಐವತ್ತೊಂದು ರೂಪಾಯಿ ಕೊಡಬೇಕಾಯಿತಂತೆ. ಫೀಜು ಹಿಂದಕ್ಕೆ ಕೊಟ್ಟದ್ದನ್ನು ಓದುವವರು ಗಮನಿಸುವದಿಲ್ಲ; ಮಾತು ಬಾರದಿದ್ದರೂ ಲೆಕ್ಕ ಸರಿಯಾಗಿತ್ತು.

1893ರಲ್ಲಿ ಅವರು ಒಂದು ವ್ಯಾಜ್ಯದ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ಹೋಗಿ ಪ್ರಿಟೋರಿಯ ಎಂಬ ಪಟ್ಟಣವನ್ನು ಸೇರಿದರು. ದಾರಿಯಲ್ಲಿ ರೈಲಿನಿಂದ ತಳ್ಳಿಸಿಕೊಂಡು ಅವಮಾನಪಟ್ಟದ್ದು ಎಲ್ಲರೂ ಬಲ್ಲ ಸಂಗತಿ. ಪ್ರಿಟೋರಿಯದಲ್ಲಿ ನಮ್ಮ ದೇಶದ ಜನರನ್ನು ಒಬ್ಬ ವರ್ತಕರ ಮನೆಯಲ್ಲಿ ಕೂಡಿಸಿ ಅವರು ಮಾತಾಡಿದರು. ಕೂಡಿದವರಲ್ಲಿ ಹೆಚ್ಚಿನವರು ಮೇಮನ್ ವ್ಯಾಪಾರಿಗಳು. ಅದನ್ನೇ ತನ್ನ ಮೊದಲಿನ ಬಹಿರಂಗ ಭಾಷಣವೆಂದು ಎಣಿಸಬಹುದೆಂದು ಅವರು ಹೇಳುತ್ತಾರೆ. ಅದರ ವಿಷಯ ಏನಾಗಿತ್ತು ಗೊತ್ತೋ? ವ್ಯಾಪಾರದಲ್ಲಿ ಸತ್ಯವಾಗಿ ನಡೆಯುವದು! ವ್ಯಾಪಾರದಲ್ಲಿ ಸತ್ಯ ನಡೆಯುವದಿಲ್ಲವೆಂದು ಹೇಳುವ ವರ್ತಕರ ಎದುರಿಗೇ, ಅದು ನಡೆಯತಕ್ಕದ್ದೆಂದು ಹೇಳಿದರು. ನಮ್ಮವರ ಕೊಳಕು ಅಭ್ಯಾಸಗಳನ್ನೂ ತೋರಿಸಿದರು. ಒಂದು ಸಂಘ ಕಟ್ಟಬೇಕೆಂದರು, ಅದಕ್ಕೆ ತನ್ನಿಂದಾದಷ್ಟು ಹೊತ್ತು ಕೊಡುವೆನೆಂದರು, ಇಂಗ್ಲಿಷು ಕಲಿಯಬೇಕೆಂದಿರುವವರಿಗೆ ಕಲಿಸುವೆನೆಂದರು.

ಲಂಡನ್ನಿನಲ್ಲಿ ಮುಚ್ಚಿದ ಬಾಯಿ ಪ್ರಿಟೋರಿಯದಲ್ಲಿ ಯಾಕೆ ತೆರೆಯಿತು? ವಿಷಯವನ್ನು ಸಿದ್ಧಮಾಡಿಕೊಂಡು ಹೋಗಿದ್ದರೆಂಬದು ಒಂದು ಕಾರಣ. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದುಂಟು. ವಿದಾಯದ ಊಟದಲ್ಲಿ ಅವರು ಚೆನ್ನಾಗಿ ಮಾತಾಡುವವನಾಗಿ ಕಾಣಬೇಕಾಗಿತ್ತು. ಪ್ರಿಟೋರಿಯದಲ್ಲಿ ಒಂದು ಕೆಲಸ ಆಗಬೇಕಾಗಿತ್ತು. ತನ್ನನ್ನು ನೋಡಿಕೊಳ್ಳುತ್ತಾ ಮಾತಾಡುವವನು ಕನ್ನಡಿಯನ್ನು ನೋಡುತ್ತಾ ನಡೆಯುವವನ ಹಾಗೆ ಎಡವುವನು. ಎದುರಿಗೆ ಕೂತವರ ಕಷ್ಟವನ್ನು ನೋಡುವವನಿಗೆ ತನ್ನ ಮೊಣಕಾಲಿನ ಕಡೆಗೆ ಗಮನ ಕೊಡುವಷ್ಟು ಪುರಸೊತ್ತಿಲ್ಲ.

ಆದರೆ ಒಂದು ಸಾರಿ ಗೆದ್ದರೆ ಭಯವು ಬಿಟ್ಟುಹೋಯಿತೆಂದು ತಿಳಿಯಬಾರದು. 1896ರಲ್ಲಿ, ಮೂರು ವರ್ಷ ಸಭೆಗಳನ್ನು ನಡಿಸಿ ಬಂದ ಮೇಲೆಯೂ, ಮುಂಬಯಿಯಲ್ಲಿ ಫಿರೋಜಶಹ ಮೆಹತಾರವರು ಕೂಡಿಸಿದ ದೊಡ್ಡ ಸಭೆಯಲ್ಲಿ ಗಾಂಧಿಯವರು ಅಚ್ಚುಹಾಕಿಸಿ ತಂದ ಭಾಷಣವನ್ನು ಓದಲಾರದೆ ಹೋದರು. ಸ್ವರ ನಡುಗಿ ಕ್ಷೀಣವಾಗುತ್ತಾ ಬಂತು. ಕಡೆಗೆ ದಿನಶಾ ವಾಚ್ಛಾರವರು ಅದನ್ನು ಓದಿ ಮುಗಿಸಿದರು. ಆಗ ಅವರು ನಾಚಿಕೆಯಿಂದ ಕೆಲಸವನ್ನು ಬಿಡಲಿಲ್ಲ. ಈ ಸಂಕೋಚವು ಪೂರಾ ಹೋಗಲೇ ಇಲ್ಲವೆಂದೂ, ಆದರೂ ಅದರಿಂದ ತನಗೆ ಮಾತನ್ನು ತೂಗಿ ಆಡುವ ಅಭ್ಯಾಸ ಬಂದು ಲಾಭವೇ ಆಯಿತೆಂದೂ ಅವರು ಬರೆದಿದ್ದಾರೆ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ಆಪಾದನೆಗೆ ಉತ್ತರ ಕೊಡುವಾಗ, ತಪ್ಪಿಸಿಕೊಳ್ಳುವ ಯಾವ ಮಾತನ್ನೂ ಆಡದೆ ಆಪಾದನೆಯನ್ನು ಒಪ್ಪಿಕೊಂಡರು. ಮೊದಲು ಬಾಯಿಂದ ಕೆಲವು ಮಾತು ಹೇಳಿ, ತರುವಾಯ ಬರೆದು ತಂದದ್ದನ್ನು ಓದಿದರು. ಆರು ವರ್ಷದ ಸಜೆಯಾಯಿತು. ಚೀಟಿ ನೋಡಿ ಓದುವದು ಹೀನವೆಂದು ಎಣಿಸುವವರು ಈ ದಿನವನ್ನು ನೆನಪಿಗೆ ತಂದುಕೊಳ್ಳಲಿ.

ನಮ್ಮ ಹಳ್ಳಿಗಳಲ್ಲಿ ಭಯಕ್ಕಿಂತಲೂ ಹೆಚ್ಚು ಮಾತನ್ನು ಕೆಡಿಸುವದು ಹೆಚ್ಚುಮಾಡಿ ಹೇಳುವ ಅಭ್ಯಾಸ. ಇದೂ ಭಯದಿಂದಲೇ ಹುಟ್ಟುತ್ತದೆ: ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಾರೂ ಲಕ್ಷ್ಯಮಾಡುವದಿಲ್ಲವೆಂದು ಅಂಜಿ ಒಂದನ್ನು ಹತ್ತು ಮಾಡುವರು. ಒಂದು ಗ್ರಾಮಸಭೆಯಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಹೇಳುವೆವು. ಕುಡಿಯುವ ನೀರಿನ ವಿಷಯ ಬಂದಾಗ ಒಂದು ಕೇರಿಯ ಯುವಕನು ಎದ್ದು, ತಿಂಗಳುಗಟ್ಟಲೆ ತಮ್ಮ ನಲ್ಲಿಗೆ ಒಂದು ತೊಟ್ಟು ನೀರು ಬಂದಿಲ್ಲವೆಂದು ಗಟ್ಟಿಯಾಗಿ ಕೂಗಿದನು. ಸ್ವರವೂ ಚೆನ್ನಾಗಿತ್ತು, ಧೈರ್ಯವೂ ಇತ್ತು. ನೀರುಗಂಟಿಯು ಕೂತಲ್ಲಿಂದಲೇ, "ಮೊನ್ನೆ ಸೋಮವಾರ ನೀರು ಬಿಟ್ಟಾಗ ನಿಮ್ಮ ಮನೆಯವರೇ ಆರು ಕೊಡ ಹಿಡಿದರಲ್ಲಪ್ಪಾ" ಅಂದನು. ಸಭೆಯೆಲ್ಲಾ ನಕ್ಕಿತು. ಆ ನಗೆಯೊಳಗೆ ನಿಜವಾದ ತೊಂದರೆಯೂ ಕೊಚ್ಚಿಹೋಯಿತು.

ಆ ಮೇಲೆ ಅದೇ ಕೇರಿಯ ಒಬ್ಬ ತಾಯಿ ಎದ್ದಳು. ಆಕೆಗೆ ಓದು ಬರುವದಿಲ್ಲ. ಧ್ವನಿವರ್ಧಕವನ್ನು ಕೊಟ್ಟರು, ಆಕೆಯು ಬೇಡವೆಂದು ತಲೆಯಾಡಿಸಿದಳು. (ಅದರಲ್ಲಿ ಮಾತಾಡಬೇಕಾದವರು ಬಾಯಿಂದ ಒಂದು ಗೇಣು ದೂರ ಹಿಡಿದುಕೊಂಡರೆ ಸಾಕು, ನುಂಗುವ ಹಾಗೆ ಹಿಡಿಯಬೇಕಾಗಿಲ್ಲ.) ಕಡೇ ಸಾಲಿನವರಿಗೆ ಕೇಳಿಸುವ ಹಾಗೆ, "ಅಧ್ಯಕ್ಷರೇ, ನಾನು ಹನ್ನೊಂದು ದಿವಸ ಲೆಕ್ಕ ಇಟ್ಟಿದ್ದೇನೆ" ಎಂದು ಆರಂಭಿಸಿದಳು. ದಿನಾಲು ಗೋಡೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು, ನೀರು ಬಂದ ದಿವಸ ಅಡ್ಡಗೆರೆ ಹಾಕಿದ್ದಳಂತೆ. "ನಾಲ್ಕು ದಿವಸ ಬಂತು, ಏಳು ದಿವಸ ಬರಲಿಲ್ಲ. ಬಂದ ದಿವಸವೂ ಕೆಳಗಿನ ಐದು ಮನೆಗಳಿಗೆ ಬಂತು, ಮೇಲಿನ ಒಂಬತ್ತು ಮನೆಗಳಿಗೆ ಏರಲಿಲ್ಲ" ಅಂದಳು. ನೀರುಗಂಟಿಯು ಏನೂ ಅನ್ನಲಿಲ್ಲ. ಅನ್ನುವದಕ್ಕೆ ಏನು ಉಳಿದಿತ್ತು? ಒಬ್ಬ ಸದಸ್ಯನು, ಕೊಳವೆ ಎಲ್ಲಿ ಕೆಟ್ಟಿದೆ ಹೇಳಮ್ಮಾ ಎಂದು ಸ್ವಲ್ಪ ಚೇಷ್ಟೆಯಿಂದಲೇ ಕೇಳಿದನು. "ಅದು ನನಗೆ ಗೊತ್ತಿಲ್ಲ ಸ್ವಾಮೀ. ಗೊತ್ತಿದ್ದವರನ್ನು ಕಳುಹಿಸಿರಿ, ಮನೆ ನಾನು ತೋರಿಸುತ್ತೇನೆ" ಎಂದು ಹೇಳಿ ಕೂತಳು. ಎಲ್ಲಾ ಸೇರಿ ಎರಡು ನಿಮಿಷವಾಗಿರಬಹುದು. ಅಭಿವೃದ್ಧಿ ಅಧಿಕಾರಿಯು ಆ ನಾಲ್ಕು, ಏಳು, ಐದು, ಒಂಬತ್ತು ಎಂಬ ಅಂಕೆಗಳನ್ನು ಅಲ್ಲಿಯೇ ನಡಾವಳಿಯಲ್ಲಿ ಬರಿಸಿದನು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿದರೆ ಮಾನ ಹೋಗುವದೆಂದು ನಾವು ಬಹಳ ಕಾಲ ಎಣಿಸಿಕೊಂಡಿದ್ದೆವು. ಆ ದಿವಸ ಆಕೆಯ ಮಾತಿಗೆ ಹೆಚ್ಚು ಬಲ ಬಂದದ್ದು ಆ ಉತ್ತರದಿಂದಲೇ. ಗೊತ್ತಿಲ್ಲವೆಂದು ಹೇಳಬಲ್ಲವಳು ಗೊತ್ತಿದೆಯೆಂದು ಹೇಳಿದ್ದು ನಿಜವಾಗಿರಲೇಬೇಕೆಂದು ಜನರು ತಿಳುಕೊಂಡರು.

ಸಭೆ ಮುಗಿದ ತರುವಾಯ ಆಕೆಯನ್ನು ಕಂಡು, ನಿನಗೆ ಇಷ್ಟು ಧೈರ್ಯ ಎಲ್ಲಿಂದ ಬಂತಮ್ಮಾ ಎಂದು ಕೇಳಿದೆವು. ಧೈರ್ಯವೇನೂ ಬರಲಿಲ್ಲವೆಂದಳು. ಮೂರು ರಾತ್ರಿ ಮೊದಲಿನ ಆ ಒಂದೇ ಮಾತನ್ನು ಒಲೆಯ ಮುಂದೆ ಕೂತು ಹೇಳಿಕೊಂಡಿದ್ದಳಂತೆ. ಅದೊಂದು ಬಾಯಿಂದ ಹೊರಟರೆ ಉಳಿದ ಲೆಕ್ಕ ಗೋಡೆಯ ಮೇಲೆ ಇದ್ದೇ ಇತ್ತಲ್ಲಾ ಎಂದಳು. ಮಗಳು ಆ ಅಂಕೆಗಳನ್ನು ಗೆರೆಗಳಾಗಿ ಒಂದು ಚೀಟಿಯ ಮೇಲೆ ಎಳೆದುಕೊಟ್ಟಿದ್ದಳು. ಅದನ್ನು ಸೆರಗಿನೊಳಗೆ ಹಿಡುಕೊಂಡೇ ನಿಂತಿದ್ದಳಂತೆ. ಕೈ ಬಿಚ್ಚಿ ನಮಗೆ ತೋರಿಸಿದಳು; ಬೆವರಿನಿಂದ ಚೀಟಿಯು ಮುದ್ದೆಯಾಗಿ ಹೋಗಿತ್ತು, ಗೆರೆಗಳಲ್ಲಿ ಒಂದೂ ಕಾಣುತ್ತಿರಲಿಲ್ಲ.