ಮೊದಲು ಗೈಡ್, ಆಮೇಲೆ ಅರ್ಜಿ

ಪ್ರೀತಿಯ ಮಗೂ,

ಹಿಂಗಾರಿ ಜೋಳದ ಮೇಲೆ ಎಂ.ಎಸ್‌ಸಿ. ಪ್ರಬಂಧ ಮುಗಿಸಿದ್ದೀ, ಪಿಎಚ್.ಡಿ.ಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದು ಬರೆದಿದ್ದೀ. ಓದಿ ಹಿಗ್ಗಿದೆ. ಯಾವ ವಿಶ್ವವಿದ್ಯಾಲಯ ದೊಡ್ಡದು, ಎಲ್ಲಿ ಸ್ಕಾಲರ್‌ಶಿಪ್ ಸುಲಭ ಎಂಬ ಪ್ರಶ್ನೆಗಳನ್ನು ಸದ್ಯ ಬದಿಗಿಡು. ನಿನ್ನ ವಿಷಯದಲ್ಲಿ ಅಲ್ಲಿ ಯಾರು ದುಡಿಯುತ್ತಿದ್ದಾರೆ ಎಂಬುದನ್ನು ಮೊದಲು ಹುಡುಕು. ಪ್ರವೇಶ ಪರೀಕ್ಷೆ ಬರೆದು, ಸೀಟು ಸಿಕ್ಕ ಮೇಲೆ ಗೈಡ್ ಹಂಚಿಕೆಯಾಗುವ ನಮ್ಮ ಪದ್ಧತಿ ಅಲ್ಲಿಲ್ಲ. ಸಾಮಾನ್ಯವಾಗಿ ಒಬ್ಬ ಪ್ರಾಧ್ಯಾಪಕರು ಒಪ್ಪಿದ ಮೇಲೆಯೇ ಅರ್ಜಿಗೆ ಬೆಲೆ.

ಅಂಥವರನ್ನು ಹುಡುಕುವುದು ನಿನಗೆ ಕಷ್ಟವಲ್ಲ. ಜೋಳ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮುಖ್ಯ ಬೇಸಿಗೆ ಬೆಳೆ. ಅಲ್ಲಿನ ಡಾರ್ಲಿಂಗ್ ಡೌನ್ಸ್ ಬಯಲಿನಲ್ಲೂ ನಮ್ಮ ಎರೆಹೊಲದಂತೆ ಬಿರುಕು ಬಿಡುವ ಕಪ್ಪು ಮಣ್ಣಿದೆ. ತೇವ ಬತ್ತಿದರೂ ಹಸಿರುಳಿಸಿಕೊಳ್ಳುವ ತಳಿಗಳ ಮೇಲೆ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಹುಕಾಲದಿಂದ ಕೆಲಸ ಮಾಡುತ್ತಿದ್ದಾರೆ. ವಿಜಯಪುರದ ಹೊಲಗಳಲ್ಲಿ ನೀನು ಅಳೆದದ್ದು ಅವರಿಗೂ ಬೇಕಾದ ಮಾಹಿತಿ.

ಪತ್ರ ಹೇಗೆ ಬರೆಯುತ್ತೀ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಒಂದೇ ಒಕ್ಕಣೆಯನ್ನು ಹತ್ತು ಜನಕ್ಕೆ ಕಳಿಸಬೇಡ. ಅಂಥ ಪತ್ರ ಎರಡನೇ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಅವರ ಎರಡು ಲೇಖನಗಳನ್ನು ಪೂರ್ತಿ ಓದು. ನೀನು ಏನು ಮಾಡಿದ್ದೀ, ಅವರ ಕೆಲಸದಲ್ಲಿ ನಿನಗೆ ಎದ್ದ ಪ್ರಶ್ನೆ ಯಾವುದು, ಅದನ್ನು ಹೇಗೆ ಬಿಡಿಸಬೇಕೆಂದಿದ್ದೀ, ಇಷ್ಟನ್ನು ಒಂದು ಪುಟದಲ್ಲಿ ಹೇಳು. ಹೊಗಳಿಕೆ ಬೇಡ, ಬೇಡಿಕೊಳ್ಳುವುದೂ ಬೇಡ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸು, ಆಮೇಲೆ ಮುಂದಿನವರಿಗೆ ಬರೆ.

ಹಣ ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಅಲ್ಲಿನ ಕೇಂದ್ರ ಸರ್ಕಾರದ ರಿಸರ್ಚ್ ಟ್ರೈನಿಂಗ್ ಪ್ರೋಗ್ರಾಂ. 2017ರಿಂದ ಇರುವ ಈ ಯೋಜನೆಯ ಹಣವನ್ನು ವಿಶ್ವವಿದ್ಯಾಲಯಗಳೇ ಹಂಚುತ್ತವೆ. 2025ರಲ್ಲಿ ಇದರ ಮೂಲ ಶಿಷ್ಯವೇತನ ವರ್ಷಕ್ಕೆ 33,511 ಆಸ್ಟ್ರೇಲಿಯನ್ ಡಾಲರ್ ಇತ್ತು. ಹೊರದೇಶದವರಿಗೆ ಸಿಗುವ ಪಾಲು ಕಡಿಮೆ, ಪೈಪೋಟಿ ಬಿಗಿ. ಅಂಕ, ಪ್ರಕಟಿತ ಲೇಖನ, ಸಂಶೋಧನೆಯ ಅನುಭವ ಎಲ್ಲವನ್ನೂ ತೂಗುತ್ತಾರೆ. ಇನ್ನೊಂದು, ಪ್ರಾಧ್ಯಾಪಕರು ತಮ್ಮ ಯೋಜನೆಗೆ ತಂದ ಅನುದಾನ. ಆಸ್ಟ್ರೇಲಿಯನ್ ರಿಸರ್ಚ್ ಕೌನ್ಸಿಲ್ ಕೊಡುತ್ತದೆ; ಧಾನ್ಯದ ಸಂಶೋಧನೆಗೆ ಅಲ್ಲಿನ ರೈತರೇ ವಂತಿಗೆ ಕಟ್ಟುವ ಜಿಆರ್‌ಡಿಸಿ ನಿಗಮವೂ ಕೊಡುತ್ತದೆ. ನಿನ್ನ ಬೆಳೆಗೆ ಈ ಎರಡನೇ ದಾರಿ ಹತ್ತಿರ ಎಂದು ನನಗೆ ತೋರುತ್ತದೆ.

ಆಫರ್ ಪತ್ರ ಬಂದಾಗ ನಿಧಾನವಾಗಿ ಓದು. ಬರೀ ಶುಲ್ಕ ಮನ್ನಾ ಆದರೆ ಹೊಟ್ಟೆ ತುಂಬುವುದಿಲ್ಲ. ಶಿಷ್ಯವೇತನ ಎಷ್ಟು ವರ್ಷ, ವೀಸಾಕ್ಕೆ ಕಡ್ಡಾಯವಾದ ಆರೋಗ್ಯ ವಿಮೆಯನ್ನು ಯಾರು ಕಟ್ಟುತ್ತಾರೆ ಎಂದು ಬರವಣಿಗೆಯಲ್ಲೇ ಕೇಳು. ನಿಮ್ಮಪ್ಪ ಹೊಲದ ಮೇಲೆ ಸಾಲ ತೆಗೆಯುವ ಮಾತಾಡಿದನಂತೆ. ಖಂಡಿತ ಬೇಡ ಅನ್ನು. ಪೂರ್ತಿ ನೆರವು ಸಿಗದಿದ್ದರೆ ಮುಂದಿನ ಸುತ್ತಿಗೆ ಕಾಯಿ, ಪಿಎಚ್.ಡಿ.ಗೆ ಸಾಲ ಮಾಡುವುದನ್ನು ನಾನು ಒಪ್ಪಲಾರೆ. ಗೈಡ್ ಹುಡುಕಿಕೊಡುತ್ತೇವೆ ಎಂದು ದುಡ್ಡು ಕೇಳುವವರ ಹತ್ತಿರವೂ ಹೋಗಬೇಡ.

ಪ್ರಬಂಧದ ಎರಡನೇ ಅಧ್ಯಾಯವನ್ನು ಈಗಲೇ ಲೇಖನವಾಗಿಸಿ ಜರ್ನಲ್ಲಿಗೆ ಕಳಿಸು. ಮೊದಲ ಪತ್ರದ ಕರಡು ನನಗೂ ಬರಲಿ, ಇಬ್ಬರೂ ಕೂತು ತಿದ್ದೋಣ.

ನಿನ್ನ ಕಾಕಾ