ದುಡಿಯುವ ಊರು ದಾವಣಗೆರೆ

ದಾವಣಗೆರೆ ದೊಡ್ಡ ಊರು. ಮೊದಲು ಅದು ಚಿತ್ರದುರ್ಗ ಜಿಲ್ಲೆಯಲ್ಲಿ ಇತ್ತು. 1997ರಲ್ಲಿ ದಾವಣಗೆರೆಯೇ ಒಂದು ಜಿಲ್ಲೆ ಆಯಿತು.

ಅದರ ನೆರೆಯ ಊರು ಹರಿಹರ. ಎರಡೂ ಊರಿನ ನಡುವೆ ಸುಮಾರು 14 ಕಿಲೋಮೀಟರ್ ದಾರಿ. ಹರಿಹರ ತುಂಗಭದ್ರಾ ಹೊಳೆಯ ದಂಡೆಯ ಮೇಲಿದೆ. ಅಲ್ಲಿ ಹರಿಹರೇಶ್ವರ ಗುಡಿ ಇದೆ. ಅದು ಹೊಯ್ಸಳರ ಕಾಲದ್ದು. ಸುಮಾರು 800 ವರ್ಷ ಹಳೆಯದು. ದೇವರ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಹರಿ ಅಂದರೆ ವಿಷ್ಣು. ಹರ ಅಂದರೆ ಶಿವ.

ದಾವಣಗೆರೆ ಬೆಳೆದದ್ದು ಹತ್ತಿಯಿಂದ. ಸುತ್ತಲಿನ ಹಳ್ಳಿಗಳ ಹತ್ತಿ ಇಲ್ಲಿಗೆ ಬಂತು. ಮಿಲ್ಲುಗಳು ಎದ್ದವು. ಹತ್ತಿ ನೂಲಾಯಿತು. ನೂಲು ಬಟ್ಟೆಯಾಯಿತು. ಇಂಗ್ಲೆಂಡಿನಲ್ಲಿ ಬಟ್ಟೆ ಮಿಲ್ಲಿಗೆ ಹೆಸರಾದ ಊರು ಮ್ಯಾಂಚೆಸ್ಟರ್. ಅದಕ್ಕೇ ಜನ ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂದರು. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಅಲ್ಲಿ ಲೇತ್ ಯಂತ್ರ ತಯಾರಾಗುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ನಷ್ಟ ಬಂತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ದುಡಿಯುವವರ ಸಂಬಳ ನಿಂತಿತು. ಆದರೆ ಮನೆಯ ಒಲೆ ಉರಿಯಬೇಕಲ್ಲ? ಎಷ್ಟೋ ಮನೆಗಳಿಗೆ ಹೆಂಗಸರ ಕೂಲಿಯೇ ಆಧಾರವಾಯಿತು.

ದಾವಣಗೆರೆಯ ಮಂಡಕ್ಕಿ ಯಾರಿಗೆ ಗೊತ್ತಿಲ್ಲ? ಭದ್ರಾ ನಾಲೆಯ ನೀರಿನಿಂದ ಇಲ್ಲಿ ಭತ್ತ ಬೆಳೆಯುತ್ತದೆ. ಭತ್ತ ನೆನೆಸಬೇಕು. ಒಣಗಿಸಬೇಕು. ಅಕ್ಕಿ ಮಾಡಿಸಬೇಕು. ಅಕ್ಕಿಗೆ ಉಪ್ಪುನೀರು ಬೆರೆಸಬೇಕು. ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ ಅರಳುತ್ತದೆ. ತಿನ್ನೋದು ಸುಲಭ. ಮಾಡೋದು ಕಷ್ಟ. ಭಟ್ಟಿಯ ಮುಂದೆ ಬಿಸಿ, ಹೊಗೆ, ಬೆವರು. ಅಲ್ಲಿ ಹೆಂಗಸರೂ ದುಡಿಯುತ್ತಾರೆ.

ಅಕ್ಕಾ, ದುಡಿದ ಮೇಲೆ ಕೂಲಿ ತಗೊಳ್ಳುವಾಗ ಪುಸ್ತಕ ನೋಡಿ. ಎಷ್ಟು ದಿನ ಬರೆದಿದ್ದಾರೆ? ದಿನಕ್ಕೆ ಎಷ್ಟು? ಒಟ್ಟು ಎಷ್ಟು? ಓದಿ ನೋಡಿ. ಆಮೇಲೆ ಸಹಿ ಹಾಕಿ. ಬರೀ ಹೆಬ್ಬೆಟ್ಟು ಒತ್ತಿ ಬರಬೇಡಿ.

ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಇದು ಕಾನೂನು. ಕಡಿಮೆ ಕೊಟ್ಟರೆ ನಾಲ್ಕು ಜನ ಸೇರಿ ಕೇಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ.

ಮಿಲ್ಲು ಮುಚ್ಚಿದರೂ ಊರು ನಿಲ್ಲಲಿಲ್ಲ. ದುಡಿಯುವ ಕೈಗಳು ಊರನ್ನು ನಡೆಸಿದವು. ಆ ಕೈಗಳಲ್ಲಿ ನಿಮ್ಮ ಕೈಯೂ ಒಂದು.

ಉತ್ತರ ಹೇಳಿ
1. ಹರಿಹರ ಯಾವ ಹೊಳೆಯ ದಂಡೆಯಲ್ಲಿದೆ?
2. ದಾವಣಗೆರೆಗೆ ‘ಮ್ಯಾಂಚೆಸ್ಟರ್’ ಅನ್ನುವ ಹೆಸರು ಏಕೆ ಬಂತು?
3. ದಿನಕ್ಕೆ 500 ರೂಪಾಯಿ ಕೂಲಿ ಆದರೆ 6 ದಿನಕ್ಕೆ ಎಷ್ಟು?
4. ನಿಮ್ಮ ಊರಿನಲ್ಲಿ ಗಂಡಸರಿಗೆ ಎಷ್ಟು ಕೂಲಿ? ಹೆಂಗಸರಿಗೆ ಎಷ್ಟು? ಬರೆಯಿರಿ.