ಕೊಯಮತ್ತೂರಿನ ಬೆಟ್ಟದ ಬುಡಕ್ಕೆ ಧ್ಯಾನಕ್ಕೆಂದು ಹೊರಟವರಿಗೆ

ಮೈಸೂರು, ಚಾಮರಾಜನಗರದ ಜನರಿಗೆ ಕೊಯಮತ್ತೂರು ಹೊಸ ಊರಲ್ಲ. ವ್ಯಾಪಾರಕ್ಕೆ, ಆಸ್ಪತ್ರೆಗೆ, ಮದುವೆ ಮುಂಜಿಗೆ ಹೋಗಿ ಬರುವ ಬಳಕೆ ಹಿಂದಿನಿಂದಲೂ ಇದೆ. ಅಲ್ಲಿನ ದೇವಾಂಗರ ಬೀದಿಗಳಲ್ಲಿ ಇಂದಿಗೂ ಹಿರಿಯರು ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ. ಈಚೆಗೆ ಧ್ಯಾನ ಕಲಿಯಬೇಕೆಂದು ಆ ಕಡೆ ಹೊರಡುವವರು ಹೆಚ್ಚಾಗಿದ್ದಾರೆ. ನನ್ನ ಬಳಿ ಯೋಗಾಭ್ಯಾಸಕ್ಕೆ ಬರುವವರಲ್ಲೂ ಹಲವರು ಕೇಳುತ್ತಾರೆ: ಅಲ್ಲಿ ಎಲ್ಲಿಗೆ ಹೋಗಬೇಕು, ಹೋಗಿ ಏನು ಮಾಡಬೇಕು? ಈ ಬರಹ ಅವರಿಗಾಗಿ.

ಮೊದಲು ನೆಲದ ಪರಿಚಯ. ಪಶ್ಚಿಮ ಘಟ್ಟ ಪಾಲಕ್ಕಾಡಿನ ಬಳಿ ಬಾಯಿಬಿಟ್ಟುಕೊಂಡಿದೆ. ಆ ಕಂಡಿಯ ಉತ್ತರಕ್ಕೆ ವೆಳ್ಳಿಯಂಗಿರಿ, ಅದರಾಚೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ. ಮುಂಗಾರಿನ ಗಾಳಿ ಈ ಕಂಡಿಯಿಂದಲೇ ಕೊಯಮತ್ತೂರಿಗೆ ನುಗ್ಗುತ್ತದೆ. ಧ್ಯಾನಕೇಂದ್ರಗಳೆಲ್ಲ ಈ ಬೆಟ್ಟಗಳ ಬುಡದಲ್ಲೇ ಇವೆ. ಊರಿನ ಪಶ್ಚಿಮಕ್ಕೆ ಈಶ ಯೋಗ ಕೇಂದ್ರ, ವಾಯವ್ಯಕ್ಕೆ ಆನೈಕಟ್ಟಿಯ ಆರ್ಷ ವಿದ್ಯಾ ಗುರುಕುಲ, ದಕ್ಷಿಣಕ್ಕೆ ಪೊಲ್ಲಾಚಿಯ ಆಚೆ ಆಳಿಯಾರ್‌ನ ಅರಿವು ತಿರುಕ್ಕೋಯಿಲ್. 

ಎಲ್ಲವನ್ನೂ ಆಶ್ರಮ ಎಂದೇ ಕರೆದರೂ ಒಂದೊಂದರ ಕೆಲಸ ಬೇರೆ. ಇದು ಗೊತ್ತಿಲ್ಲದೆ ಹೋದವರು ನಿರಾಸೆಯಿಂದ ಮರಳುತ್ತಾರೆ. ಆನೈಕಟ್ಟಿಯಲ್ಲಿ ಸ್ವಾಮಿ ದಯಾನಂದ ಸರಸ್ವತಿಯವರು 1990ರಲ್ಲಿ ಕಟ್ಟಿದ ಗುರುಕುಲದ ಮುಖ್ಯ ಕೆಲಸ ವೇದಾಂತದ ಪಾಠ. ಉಪನಿಷತ್ತು, ಗೀತೆ, ಸಂಸ್ಕೃತವನ್ನು ಕೂತು ಕೇಳುವ ತಾಳ್ಮೆ ಇದ್ದವರಿಗೆ ಅದು ದೊಡ್ಡ ನಿಧಿ. ಕಣ್ಣು ಮುಚ್ಚಿ ಸುಮ್ಮನಿರಬೇಕು ಎನ್ನುವವರು ಅಲ್ಲಿಂದ ಶುರುಮಾಡುವುದು ಬೇಡ.

ವೆಳ್ಳಿಯಂಗಿರಿಯ ಬುಡದ ಈಶ ಕೇಂದ್ರವನ್ನು ಕಟ್ಟಿದ ಜಗ್ಗಿ ವಾಸುದೇವ್ ಮೈಸೂರಿನಲ್ಲಿ 1957ರಲ್ಲಿ ಹುಟ್ಟಿದವರು. 2017ರಲ್ಲಿ ಅನಾವರಣಗೊಂಡ 112 ಅಡಿಯ ಆದಿಯೋಗಿ ಪ್ರತಿಮೆಯನ್ನು ನೋಡಿ, ಪಟ ತೆಗೆಸಿಕೊಂಡು, ಅಷ್ಟಕ್ಕೇ ಬಸ್ಸು ಹತ್ತುವವರೇ ಬಹಳ. ನೀವು ಹಾಗೆ ಮಾಡಬೇಡಿ. ಅಲ್ಲಿ ಮುಖ್ಯವಾದದ್ದು 1999ರಲ್ಲಿ ಪ್ರತಿಷ್ಠೆಯಾದ ಧ್ಯಾನಲಿಂಗ. ಉಕ್ಕು, ಕಾಂಕ್ರೀಟು ಇಲ್ಲದೆ ಇಟ್ಟಿಗೆಯಲ್ಲೇ ಕಟ್ಟಿದ, 76 ಅಡಿ ಅಡ್ಡಗಲದ ಗುಮ್ಮಟದ ನಡುವೆ ಲಿಂಗ ನಿಂತಿದೆ. ಅರ್ಚನೆಯಿಲ್ಲ, ಮಂಗಳಾರತಿಯಿಲ್ಲ, ತೀರ್ಥ ಪ್ರಸಾದಕ್ಕೆ ಸಾಲಿಲ್ಲ. ಫೋನು, ಚಪ್ಪಲಿ ಹೊರಗೆ ಬಿಟ್ಟು, ಮಾತು ನಿಲ್ಲಿಸಿ ಒಳಗೆ ಹೋಗಬೇಕು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ತುಸು ಹೊತ್ತಿಗೆ ದೀಪ, ಲಿಂಗ, ಗೋಡೆಯ ಗೂಡುಗಳಲ್ಲಿ ಕೂತವರು ಒಬ್ಬೊಬ್ಬರಾಗಿ ಕಾಣತೊಡಗುತ್ತಾರೆ. ಕಾಲು ಗಂಟೆಯಾದರೂ ಕೂರಿ ಎಂದು ಅಲ್ಲಿಯವರು ಹೇಳುತ್ತಾರೆ.

ಆ ಕಾಲು ಗಂಟೆಯೇ ಹೊಸಬರಿಗೆ ಕಷ್ಟ. ಕಾಲು ಜೋಮು ಹಿಡಿಯುತ್ತದೆ, ಪಕ್ಕದವರು ಕೆಮ್ಮುತ್ತಾರೆ, ಮನೆಯ ಗ್ಯಾಸು ಆರಿಸಿದೆನೋ ಇಲ್ಲವೋ ಎಂಬ ಯೋಚನೆ ಬರುತ್ತದೆ. ಬರಲಿ. ಬೆನ್ನು ನೇರವಿರಲಿ, ಹೆಗಲು ಸಡಿಲವಿರಲಿ, ಉಸಿರು ತಾನಾಗಿ ಆಡಲಿ. ಯೋಚನೆಯನ್ನು ಓಡಿಸಲು ಹೋಗಬೇಡಿ. ಅದು ಬಂದದ್ದು ಗೊತ್ತಾದಾಗ ಮತ್ತೆ ಉಸಿರಿಗೆ ಮರಳಿ. ಕಾಲು ನೋಯುತ್ತಿದ್ದರೆ ನಿಧಾನವಾಗಿ ಬದಲಿಸಿ, ಅದರಿಂದ ಧ್ಯಾನ ಕೆಡುವುದಿಲ್ಲ. ನಡುಹಗಲಿಗೆ ಸ್ವಲ್ಪ ಮುಂಚೆ ಮತ್ತು ಸಂಜೆ ಆರರ ಸುಮಾರಿಗೆ ನಾದ ಆರಾಧನೆ ನಡೆಯುತ್ತದೆ. ಮೌನ ಭಾರವೆನಿಸುವವರು ಆ ಹೊತ್ತಿಗೆ ಹೋಗಲಿ. ನಾದ ಮನಸ್ಸಿಗೆ ಹಿಡಿದುಕೊಳ್ಳಲು ಊರುಗೋಲಾಗುತ್ತದೆ. ಈ ಸಂಸ್ಥೆಯ ಸುತ್ತ ನ್ಯಾಯಾಲಯದ ಮೆಟ್ಟಿಲು ಹತ್ತಿದ ವಿವಾದಗಳೂ ಇವೆ. ಅವನ್ನೂ ಓದಿ ತಿಳಿದುಕೊಂಡೇ ಹೋಗಿ ಎನ್ನುತ್ತೇನೆ.

ಆಳಿಯಾರ್‌ನ ದಾರಿಯೇ ಬೇರೆ. ಪೊಲ್ಲಾಚಿ ದಾಟಿ ವಾಲ್ಪಾರೈ ಕಡೆ ಹೊರಟರೆ ಇಕ್ಕೆಲದಲ್ಲೂ ತೆಂಗಿನ ತೋಟ, ಮುಂದೆ ಆನೆಮಲೆ ಎದ್ದು ನಿಲ್ಲುತ್ತದೆ. ಘಟ್ಟದ 40 ತಿರುವುಗಳು ಶುರುವಾಗುವ ಮೊದಲೇ ಅಣೆಕಟ್ಟಿನ ಬಳಿ ವೇದಾತ್ತಿರಿ ಮಹರ್ಷಿಗಳ ಕೇಂದ್ರ ಸಿಗುತ್ತದೆ. ಅವರು ಹುಟ್ಟಿದ್ದು 1911ರಲ್ಲಿ, ಚೆನ್ನೈ ಸಮೀಪದ ಗುಡುವಾಂಚೇರಿಯ ನೇಕಾರ ಮನೆಯಲ್ಲಿ. ಮಗ್ಗದ ಕೆಲಸ ಮಾಡುತ್ತ, ಸಂಸಾರ ನಡೆಸುತ್ತ ಸಾಧನೆ ಮಾಡಿದವರು, 2006ರಲ್ಲಿ ತೀರಿಕೊಂಡರು. ಸಂಸಾರಿಗಳ ಕಷ್ಟ ಬಲ್ಲವರು ಎಂಬುದು ಅವರ ಪಾಠಕ್ರಮದಲ್ಲೇ ಕಾಣುತ್ತದೆ. ಮೊದಲು ಕೈ, ಕಾಲು, ಉಸಿರು, ಕಣ್ಣುಗಳ ಸರಳ ವ್ಯಾಯಾಮ. ಆಮೇಲೆ ಹುಬ್ಬುಗಳ ನಡುವೆ ಗಮನವಿಡುವ ಆಜ್ಞಾ ಧ್ಯಾನ. ಅದರ ಬೆನ್ನಿಗೇ ಶಾಂತಿ ಧ್ಯಾನ, ಅಂದರೆ ಗಮನವನ್ನು ಬೆನ್ನುಹುರಿಯ ಬುಡಕ್ಕೆ ಇಳಿಸುವುದು. ತಲೆ ಭಾರವಾದರೆ, ಸಿಡುಕು ಹೆಚ್ಚಾದರೆ ಇಳಿಸಿಕೊಳ್ಳುವ ಬಗೆಯನ್ನು ಆರಂಭದಲ್ಲೇ ಹೇಳಿಕೊಡುವ ಈ ಎಚ್ಚರ ನನಗೆ ಬಹಳ ಮೆಚ್ಚುಗೆ. ಒಬ್ಬರನ್ನೊಬ್ಬರು ಕಂಡಾಗ ಅಲ್ಲಿ ‘ವಾಳ್ಗ ವಳಮುಡನ್’ ಎನ್ನುತ್ತಾರೆ. ನೀವೂ ಹಾಗೇ ಹೇಳಿ, ಮುಖಗಳು ಅರಳುತ್ತವೆ. ಪಾಠ ಹೆಚ್ಚಾಗಿ ತಮಿಳಿನಲ್ಲಿ ನಡೆಯುವುದರಿಂದ ಯಾವ ಭಾಷೆಯ ಶಿಬಿರ ಎಂದು ಮೊದಲೇ ವಿಚಾರಿಸಿಕೊಂಡು ಹೆಸರು ಬರೆಸಿ.

ಇನ್ನು ಕಾಡಿನ ಮಾತು. ಈ ಬುಡಗಳೆಲ್ಲ ಆನೆ ಓಡಾಡುವ ಜಾಗ. ಕತ್ತಲಾದ ಮೇಲೆ ಆವರಣದಾಚೆ ಒಬ್ಬರೇ ನಡೆಯಲು ಹೋಗಬೇಡಿ. ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಬಿದಿರು ಕೋಲು ಊರಿಕೊಂಡು ಹತ್ತುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಹೃದಯದ ತೊಂದರೆ, ಉಬ್ಬಸ ಇರುವವರು ಕೆಳಗಿನ ಪೂಂಡಿ ಗುಡಿಯಲ್ಲೇ ಕೈಮುಗಿದು ಬರಲಿ. ಕಾವೇರಿಯನ್ನು ಸೇರುವ ನೊಯ್ಯಲ್ ಹೊಳೆ ಹುಟ್ಟುವುದೂ ಈ ಬೆಟ್ಟಗಳಲ್ಲೇ. ಇಲ್ಲಿ ತಿಳಿಯಾಗಿ ಹೊರಟ ನೀರು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ದಾಟುವ ಹೊತ್ತಿಗೆ ಎಷ್ಟು ಕೆಟ್ಟಿತ್ತೆಂದರೆ, 2011ರಲ್ಲಿ ಮದ್ರಾಸ್ ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನೇ ಮುಚ್ಚಿಸಿತು. ಹೊಳೆ ಹುಟ್ಟುವ ಜಾಗದಲ್ಲಿ ನೀವು ಸೋಪು, ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

ಬಂಡೀಪುರದ ದಾರಿಯಲ್ಲಿ ಹೊರಡುವವರು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ಬಂದ್ ಎಂಬುದನ್ನು ನೆನಪಿಡಿ. ಬೆಂಗಳೂರಿನವರಿಗೆ ಸೇಲಂ, ಈರೋಡು, ತಿರುಪ್ಪೂರಿನ ಮೇಲೆ ಹೋಗುವ ರೈಲೇ ಸುಖ. ಸಡಿಲವಾದ ಹತ್ತಿ ಬಟ್ಟೆ, ಒಂದು ಹೊದಿಕೆ, ನಿಮ್ಮ ಔಷಧಿ ಇದ್ದರೆ ಸಾಕು. ಈಶದಲ್ಲಿ ಊಟ ದಿನಕ್ಕೆ ಎರಡೇ ಹೊತ್ತು, ಬೆಳಿಗ್ಗೆ 10ಕ್ಕೆ, ಸಂಜೆ 7ಕ್ಕೆ. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಒಂದೇ ಕಡೆ ಹೋಗಲು ಬಿಡುವಿದೆ, ಯಾವುದು ಎಂದು ಕೇಳುವವರಿಗೆ ನಾನು ಆಳಿಯಾರ್ ಎನ್ನುತ್ತೇನೆ. ಅಲ್ಲಿ ಕಲಿತದ್ದನ್ನು ಮನೆಯ ಮೂಲೆಯಲ್ಲಿ ಒಂದು ಚಾಪೆ ಹಾಸಿ ದಿನವೂ ಮಾಡಬಹುದು. ಕೆಲವು ತಿಂಗಳು ಹಾಗೆ ಕೂತು ರೂಢಿಯಾದ ಮೇಲೆ ಧ್ಯಾನಲಿಂಗಕ್ಕೆ ಹೋಗಿ.